ಹೊನ್ನಾಜಮ್ಮನ ಹಸಿರು ಚೀಟಿ

ನಮ್ಮೂರಿನಲ್ಲಿ ದಡದ ಮೇಲೆ ಒಪ್ಪಿಕೊಂಡ ಮಾತು ಮರುದಿನ ಬೆಳಗಿನವರೆಗೆ ಉಳಿಯುವುದಿಲ್ಲ. ಹಸು ಮಾರುತ್ತೇನೆಂದವನಿಗೂ ಕೊಳ್ಳುತ್ತೇನೆಂದವನಿಗೂ ನಿದ್ದೆಯಲ್ಲಿ ಅದು ಪೂರಾ ಅಳಿಸಿಹೋಗುತ್ತದೆ. ಪಕ್ಕದಲ್ಲಿ ನಿಂತು ಕೇಳಿಸಿಕೊಂಡವರಿಗೆ ಮಾತ್ರ ಎಲ್ಲ ನೆನಪಿರುತ್ತದೆ, ಆದರೆ ಅವರು ಹೇಳಿದರೆ ಇವರು ನಂಬಬೇಕಲ್ಲ. ಮಾತು ನಿಲ್ಲಬೇಕಾದರೆ ಒಪ್ಪಿದ ದಿನವೇ, ಬೆಳಕಿರುವಾಗಲೇ, ಕೆರೆಯ ತಳದಲ್ಲಿರುವ ಒಪ್ಪಿಗೆಕಲ್ಲಿಗೆ ಇಳಿಯಬೇಕು. ಇಬ್ಬರೂ ಕಲ್ಲಿನ ಮೇಲೆ ಕೈಗೆ ಕೈ ಸೇರಿಸಬೇಕು, ಅದರ ಮೇಲೆ ಸಾಕ್ಷಿಯವರ ಅಂಗೈ ಬೀಳಬೇಕು. ಹಾಗಾಗಿ ನಮ್ಮಲ್ಲಿ ಪ್ರತಿ ಮನೆಯ ಅಡುಗೆಮನೆ ಬಾಗಿಲ ಪಕ್ಕ ಗಾಳಿ ಸಿಲಿಂಡರು, ಅದರ ಗಾಳಿಯನ್ನು ಬಾಯಿಗೆ ಹದವಾಗಿ ಬಿಡುವ ರೆಗ್ಯುಲೇಟರು, ಮುಖಕ್ಕೆ ಕಟ್ಟುವ ಗಾಜು, ಕಾಲಿಗೆ ಕಟ್ಟುವ ರೆಕ್ಕೆ ನೇತಾಡುತ್ತಿರುತ್ತವೆ. ಬೇರೆ ಊರಿನವರಿಗೆ ಕೊಡೆ ಹೇಗೋ ನಮಗೆ ಇವು ಹಾಗೆ.

ಆ ಸಾಮಾನಿಗೆಲ್ಲ ಗಾಳಿ ತುಂಬುವವಳು, ಬಿಚ್ಚಿ ತೊಳೆದು ಮತ್ತೆ ಜೋಡಿಸುವವಳು ನಾನು, ಗಾಳಿ ಅಂಗಡಿ ಸುಗುಣ. ಗಂಡ ಜ್ವರದಲ್ಲಿ ಹೋದ ಮೇಲೆ ಇವಳು ಅಂಗಡಿ ಮುಚ್ಚುತ್ತಾಳೆ ಅಂದುಕೊಂಡವರು ಬಹಳ ಜನ. ಅವರ ಮುಖ ನೋಡಿಯೇ ನಾನು ಮುಚ್ಚಲಿಲ್ಲ. ಮನೆಯಲ್ಲಿ ನನ್ನ ಜೊತೆ ಇರುವವರು ಅತ್ತೆ ಹೊನ್ನಾಜಮ್ಮ. ಊರಿನ ಸಾಕ್ಷಿ ಅವರೇ. ಮದುವೆಯೋ ಮಾರಾಟವೋ ರಾಜಿಯೋ, ಏನೇ ಆದರೂ ಅವರ ಅಂಗೈ ಬೀಳದೆ ನಿಲ್ಲದು. ತಲೆ ಪೂರ್ತಿ ನೆರೆತಿದ್ದರೂ ನೀರಿಗಿಳಿದರೆ ಮೀನಿನ ಹಾಗೆ ಹೋಗುತ್ತಾರೆ. ಅವರು ಕಲ್ಲಿನ ಹಿಂದೆ ಕೂತರೆಂದರೆ ಊರಿನ ಮೀಸೆಯವರೆಲ್ಲ ಗುಳ್ಳೆ ಬಿಡುವುದಕ್ಕೂ ಹಿಂದೆಮುಂದೆ ನೋಡುತ್ತಾರೆ.

ಮೊದಲೆಲ್ಲ ಯಾರ ರೆಗ್ಯುಲೇಟರು ಯಾವಾಗ ಬಿಚ್ಚಿದೆ, ಯಾರ ರಬ್ಬರ್ ಉಂಗುರ ಸವೆದಿದೆ ಅನ್ನುವುದನ್ನು ನಾನು ತಲೆಯಲ್ಲೇ ಇಟ್ಟುಕೊಳ್ಳುತ್ತಿದ್ದೆ. ಹೋದ ಮಾಗಿಯ ಚಳಿಯಲ್ಲಿ ಕಂಚಿನಂಗಡಿ ಮರಿಗೌಡರು ಇಳಿಯುತ್ತಿದ್ದಾಗ ಅರ್ಧದಾರಿಯಲ್ಲಿ ಉಸಿರು ಸಿಕ್ಕಿಕೊಂಡು ಗಂಟಲು ಹಿಡಿದುಕೊಂಡರು. ತೆಪ್ಪದ ದ್ಯಾವಪ್ಪ ಮೇಲಿನಿಂದ ಹಾಗೇ ಧುಮುಕಿ ಅವರನ್ನು ಎಳೆದು ತಂದು ಹಾಕಿದ. ಗೌಡರ ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಪುಣ್ಯಕ್ಕೆ ಬದುಕಿಕೊಂಡರು. ನಾನು ಮಾತ್ರ ಆ ದಿನ ಊಟ ಮಾಡಲಿಲ್ಲ. ಗೌಡರ ಸಾಮಾನು ಬಿಚ್ಚಿ ನೋಡಿದರೆ ಎಲ್ಲ ಸರಿಯಾಗಿಯೇ ಇತ್ತು. ತಪ್ಪು ಎಲ್ಲಿದೆ ಅಂತ ಗೊತ್ತಾಗದಿದ್ದರೆ ಅದು ಎಲ್ಲ ಕಡೆಯೂ ಇದೆ ಅಂತಲೇ ಲೆಕ್ಕ.

ಆಮೇಲೆ ನಾನು ಮೊಬೈಲಿಗೆ ಒಂದು ಆ್ಯಪ್ ಹಾಕಿಸಿಕೊಂಡೆ. ಪ್ರತಿ ಸಾಮಾನಿಗೂ ನೀರಿಗೆ ಜಗ್ಗದ ಒಂದು ಪುಟ್ಟ ಚೀಟಿ ಅಂಟಿಸುವುದು, ಅದರ ಮುಂದೆ ಮೊಬೈಲು ಹಿಡಿಯುವುದು. ತಕ್ಷಣ ಅದು ಯಾರ ಮನೆಯದು, ಯಾವಾಗ ಬಿಚ್ಚಿ ತೊಳೆದದ್ದು, ಸಿಲಿಂಡರಿನ ಒತ್ತಡ ಪರೀಕ್ಷೆಗೆ ಇನ್ನೆಷ್ಟು ದಿನ ಅನ್ನುವುದೆಲ್ಲ ಮೂಡುತ್ತದೆ. ನೀರಿನಿಂದ ಮೇಲೆ ಬಂದವರು ಉಸಿರು ಸಲೀಸಿತ್ತೋ ಬಿಗಿಯಿತ್ತೋ ಅಂತ ಒತ್ತಿ ಹೋಗಬೇಕು. ಎಲ್ಲ ಸರಿಯಿದ್ದರೆ ಹಸಿರು, ಕೆಲಸ ಬಾಕಿಯಿದ್ದರೆ ಹಳದಿ, ಅಪಾಯವಿದ್ದರೆ ಕೆಂಪು. ಜನ ಮೊದಲು ನಕ್ಕರು, ಆಮೇಲೆ ಹತ್ತಿದ್ದು ಮಾತ್ರ ಜ್ವರದ ಹಾಗೆ. ಹೆಣ್ಣು ನೋಡಲು ಬಂದವರು ಕಾಫಿ ಕುಡಿಯುವ ಮೊದಲು ಅಡುಗೆಮನೆ ಬಾಗಿಲಿಗೆ ಹೋಗಿ ಮೊಬೈಲು ಹಿಡಿಯತೊಡಗಿದರು. ಜಗಳಗಳಲ್ಲೂ ಹೊಸ ಬೈಗುಳ ಬಂತು, "ನಿನ್ ಮನೆ ಕೆಂಪಾಗ" ಅಂತ. ಪಕ್ಕದ ಮನೆಯ ಸಾವಂತ್ರಮ್ಮ ದಿನಕ್ಕೊಮ್ಮೆ ತನ್ನ ಸಾಮಾನಿನ ಹಸಿರು ನೋಡಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಊರವರೆಲ್ಲ ಸೇರಿ ಕಲ್ಲಿನ ಸುತ್ತ ಕೈಗೆ ಕೈ ಕೂಡಿಸಿ ಕಟ್ಟಲೆ ಮಾಡಿದೆವು: ಕೆಂಪು ತೋರಿಸಿದ ಸಾಮಾನು ತೊಟ್ಟು ಯಾರೂ ಇಳಿಯಕೂಡದು, ಚೀಟಿಯಿಲ್ಲದ ಸಾಮಾನಂತೂ ನೀರು ಮುಟ್ಟಲೇಕೂಡದು. ಅತ್ತೆ ಠೀವಿಯಿಂದ ಅಂಗೈ ಇಟ್ಟರು. ಮನೆಗೆ ಬಂದು ತಲೆ ಒರೆಸಿಕೊಳ್ಳುವಾಗ ನಾನು ಚೀಟಿ ಹಿಡಿದುಕೊಂಡು ಅವರ ಸಿಲಿಂಡರಿನ ಹತ್ತಿರ ಹೋದೆ.

"ಏನೇ ಅದು?" ಅಂದರು.

"ಚೀಟಿ ಅತ್ತೆ. ನಿಮ್ದೊಂದೇ ಉಳಿದಿರೋದು."

"ಕಟ್ಟಲೆ ಊರಿಗೆ ಕಣೆ ಮಾಡಿದ್ದು."

"ನೀವು ಊರಲ್ಲಿಲ್ವಾ?"

ಅತ್ತೆ ಟವೆಲು ಕೆಳಗಿಟ್ಟು ನನ್ನನ್ನೇ ನೋಡಿದರು. "ಹಿರೀಕರ ಉಸಿರು ಹೆಂಗಿದೆ ಅಂತ ಕೇಳೋ ಪದ್ಧತಿ ನಮ್ಮಲ್ಲಿಲ್ಲ. ನನ್ನ ಉಸಿರಿಗೆ ಚೀಟಿ ಹಚ್ಚಿ ಊರಿಗೆಲ್ಲ ಬಣ್ಣ ತೋರಿಸ್ತೀಯಾ? ನಾನು ಸಾಯೋ ದಿನಾನೂ ಅದ್ರಲ್ಲಿ ಬರುತ್ತಾ?" ಅಂದವರೇ ಒಳಗೆ ಹೋಗಿ ಚಾಪೆ ಹಾಸಿಕೊಂಡು ಗೋಡೆ ಕಡೆ ತಿರುಗಿ ಮಲಗಿದರು.

ಅಲ್ಲಿಗೆ ಊರಿನ ಗಂಟು ಬಿಗಿಯಾಯಿತು. ಚೀಟಿಯಿಲ್ಲದೆ ಸಾಕ್ಷಿ ಇಳಿಯುವಂತಿಲ್ಲ. ಕಟ್ಟಲೆ ಬದಲಿಸೋಣವೆಂದರೆ ಅದಕ್ಕೂ ತಳದಲ್ಲೇ ಒಪ್ಪಬೇಕು, ಅದಕ್ಕೂ ಸಾಕ್ಷಿ ಬೇಕು. ಬೇರೆ ಸಾಕ್ಷಿ ನೇಮಿಸೋಣವೆಂದರೂ ಹಳೆಯ ಸಾಕ್ಷಿಯ ಅಂಗೈ ಬೀಳಬೇಕು. ತನ್ನ ಕೈಯಿಂದಲೇ ತನ್ನ ದಾರಿಗೆ ಬೇಲಿ ಹಾಕಿಕೊಂಡವರು ನಮ್ಮತ್ತೆಯೊಬ್ಬರೇ ಇರಬೇಕು. ಊರಿನಲ್ಲಿ ದಿನವೂ ಹಸು ಮಾರುವವರು ಮಾರುತ್ತಲೇ ಇದ್ದರು, ಮರುದಿನ ಹಸು ಅದೇ ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಲೇ ಇತ್ತು. ನಿಶ್ಚಿತಾರ್ಥವಾದ ಹುಡುಗಿಯೊಬ್ಬಳು ಬೆಳಿಗ್ಗೆ ಎದ್ದು, ಮನೆ ಮುಂದೆ ಯಾಕೆ ಚಪ್ಪರ ಹಾಕಿದೀರಿ ಅಂತ ಕೇಳಿದಳಂತೆ. ಎಲ್ಲರ ಬೈಗುಳ ನನ್ನ ಅಂಗಡಿಯ ಬಾಗಿಲಿಗೇ ಬರುತ್ತಿತ್ತು.

ನನ್ನ ಕಷ್ಟ ಅವರೆಲ್ಲರ ಕಷ್ಟಕ್ಕಿಂತ ಒಂದು ಕೈ ಹೆಚ್ಚಿನದು. ಅದನ್ನು ನನಗೆ ತಿಳಿಸಿದವಳು ಸಾವಂತ್ರಮ್ಮ. ಒಂದು ಬೆಳಿಗ್ಗೆ ಸಗಣಿ ಸಾರಿಸುತ್ತಾ, "ಅಲ್ಲ ಕಣೆ ಸುಗುಣಾ, ಇನ್ನೆಷ್ಟು ದಿನ ಹಿಂಗೇ ಒಪ್ಪಿ ಒಪ್ಪಿ ಮರೀತೀಯಾ?" ಅಂದಳು.

"ಏನನ್ನ?"

"ದ್ಯಾವಪ್ಪನ್ನ. ದಿನಾ ಸಂಜೆ ತೆಪ್ಪ ಕಟ್ಟಿಹಾಕಿ ಬರ್ತಾನೆ, ನನ್ನ ಮದುವೆ ಆಗ್ತೀರಾ ಅಂತಾನೆ, ನೀನು ತಲೆ ಬಗ್ಗಿಸ್ಕೊಂಡು ಹೂಂ ಅಂತೀಯಾ. ಅಷ್ಟೊತ್ತಿಗೆ ಕತ್ತಲಾಗಿರುತ್ತೆ, ಇಳಿಯೋಕಾಗಲ್ಲ. ಬೆಳಿಗ್ಗೆ ಇಬ್ರಿಗೂ ನೆನಪಿಲ್ಲ. ಮಳೆಗಾಲದಿಂದ ಗೋಡೆ ಈಚೆ ಕೂತು ಕೇಳಿಸ್ಕೊಳ್ತಿದೀನಿ, ನನಗೇ ನಾಚಿಕೆ ಆಗೋಗಿದೆ."

ನಾನು ನಂಬಲಿಲ್ಲ. ಆದರೆ ಕಿವಿ ಬಿಸಿಯಾದದ್ದನ್ನು ಹೇಗೆ ಮುಚ್ಚಿಡಲಿ? ದ್ಯಾವಪ್ಪ ಮಾತು ಕಡಿಮೆಯವನು, ಮರಿಗೌಡರನ್ನು ಎಳೆದು ತಂದ ದಿನ ನಾನು ಊಟ ಬಿಟ್ಟು ಕೂತದ್ದನ್ನು ನೋಡಿ ಒಂದು ಲೋಟ ಬಿಸಿನೀರು ತಂದಿಟ್ಟವನು. ಅವನ ಮೇಲೆ ನನಗೆ ಮನಸ್ಸಿತ್ತು. ಅವನಿಗೂ ಇರಬಹುದೆಂಬುದು ಮಾತ್ರ ಪ್ರತಿದಿನ ಹೊಸ ಸುದ್ದಿಯಾಗಿ ಬಂದು ಹೋಗುತ್ತಿತ್ತಂತೆ. ಇನ್ನೊಂದು ವಿಷಯ. ಆ ಮದುವೆ ನಿಲ್ಲಬೇಕಾದರೆ ಅದರ ಮೇಲೆ ಅಂಗೈ ಇಡಬೇಕಾದವರು ಸತ್ತ ನನ್ನ ಗಂಡನ ತಾಯಿ.

ನಾನು ಮಧ್ಯಾಹ್ನವೇ ಕೆರೆಗೆ ಹೋಗಿ ಸಾವಂತ್ರಮ್ಮ ಹೇಳಿದ್ದನ್ನು ದ್ಯಾವಪ್ಪನಿಗೆ ಹೇಳಿದೆ. ಅವನು ಹುಟ್ಟು ಕೈಬಿಟ್ಟು, ಅದು ತೇಲಿಹೋಗುವುದನ್ನೂ ನೋಡದೆ, "ನೀವು ಹೂಂ ಅಂದಿದ್ರಾ?" ಅಂತ ಕೇಳಿದ.

"ದಿನಾ ಅಂತೀನಂತೆ."

ಅವನು ನೀರಿಗೆ ಬಗ್ಗಿ ತೇಲುತ್ತಿದ್ದ ಹುಟ್ಟನ್ನು ಎಳೆದುಕೊಂಡ. ಆಮೇಲೆ ಮೆಲ್ಲಗೆ, "ಸುಗುಣಮ್ಮ, ಯಾವ್ದಾದ್ರೂ ಹಸಿರಿರೋ ಚೀಟಿ ಕಿತ್ತು ಅಮ್ಮೋರ ಸಾಮಾನಿಗೆ ಅಂಟಿಸಿಬಿಟ್ರೆ?" ಅಂದ.

ಆಸೆ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಅಂಟು ನನ್ನ ಕೈಯಲ್ಲೇ ಇತ್ತು. ಆದರೆ ಆ ವಾರದಲ್ಲಿ ಮೊಬೈಲು ಬೇರೆಯೇ ಹಾಡು ಶುರುಮಾಡಿತ್ತು. ಕಲ್ಲಿನ ಮೇಲೆ ಕಟ್ಟುವ ಪಾಚಿ ಉಜ್ಜುವುದಕ್ಕೆ ಮನೆಮನೆಯವರೂ ಸರದಿಯಂತೆ ಇಳಿಯುತ್ತಾರೆ. ಚಳಿ ಬಿದ್ದದ್ದೇ ತಡ, ಇಳಿದು ಬಂದವರೆಲ್ಲ 'ಬಿಗಿ' ಒತ್ತತೊಡಗಿದರು. ಹಸಿರಿದ್ದ ಮನೆಗಳು ಸಾಲುಸಾಲಾಗಿ ಕೆಂಪಾದವು. ನಾನು ಬಿಚ್ಚಿ ತೊಳೆದು ಹಸಿರು ಮಾಡಿ ಕಳಿಸುವುದು, ಮತ್ತೆ ಇಳಿದರೆ ಮತ್ತೆ ಕೆಂಪು. ಹೀಗಿರುವಾಗ ಆ ಮುದುಕಿಯನ್ನು ಕಳ್ಳ ಚೀಟಿ ಅಂಟಿಸಿ ತಳಕ್ಕೆ ಕರೆದೊಯ್ದು, ಅರ್ಧದಾರಿಯಲ್ಲಿ ಅವರ ತುಟಿ ನೇರಳೆಯಾದರೆ ನನ್ನ ಮದುವೆ ಯಾರಿಗೆ ಬೇಕು?

"ಆಗಲ್ಲ ದ್ಯಾವಪ್ಪನೋರೆ," ಅಂದೆ. "ಮೊದ್ಲು ಉಸಿರು ಯಾಕೆ ಬಿಗಿಯುತ್ತೆ ಅಂತ ಗೊತ್ತಾಗ್ಬೇಕು."

ಆ್ಯಪಿನಲ್ಲಿ ವರ್ಷದ್ದೆಲ್ಲ ತೆಗೆದು ನೋಡಿದೆ. ಬೇಸಿಗೆಯಲ್ಲಿ, ಮಳೆಗಾಲದಲ್ಲಿ ಒಂದು 'ಬಿಗಿ'ಯೂ ಇಲ್ಲ. ಹೊಸ ಸಾಮಾನು, ಹಳೆಯ ಸಾಮಾನು ಅನ್ನುವ ಭೇದವಿಲ್ಲ. ಚಳಿಯಲ್ಲಿ ಮಾತ್ರ, ತಳದ ಹತ್ತಿರ ಮಾತ್ರ. ಅಂದರೆ ನನ್ನ ಅಂಗಡಿಯಲ್ಲಿ ಕಾಣದ ಏನೋ ಒಂದು ತಣ್ಣೀರಿನಲ್ಲಿ ಹುಟ್ಟುತ್ತಿದೆ. ನನ್ನ ಅಂಗಡಿ ಗಾಳಿ ತುಂಬುವ ಯಂತ್ರದ ಕಾವಿಗೆ ಯಾವಾಗಲೂ ಬೆಚ್ಚಗಿರುತ್ತದೆ. ಮಾರನೆಯ ಬೆಳಿಗ್ಗೆ ಸಾವಂತ್ರಮ್ಮನ ರೆಗ್ಯುಲೇಟರನ್ನು ಬುಟ್ಟಿಯಲ್ಲಿಟ್ಟು ಹಗ್ಗದಲ್ಲಿ ತಳಕ್ಕೆ ಬಿಟ್ಟೆ. ಸಾಕಷ್ಟು ಹೊತ್ತು ಬಿಟ್ಟು ಎಳೆದು, ದ್ಯಾವಪ್ಪನ ತೆಪ್ಪದ ಮೇಲೆ ಅಲ್ಲೇ ಕೂತು ಬಿಚ್ಚಿದೆ. ಒಳಗಿನ ತೆಳು ಪೊರೆಯ ಸುತ್ತ ಬೆಳ್ಳಗೆ, ಗಟ್ಟಿಯಾಗಿ, ಬೆಣ್ಣೆಯ ಹಾಗೆ ಏನೋ ಹೆಪ್ಪುಗಟ್ಟಿತ್ತು. ಬೆರಳಿಗೆ ಹಚ್ಚಿಕೊಂಡು ಮೂಸಿದೆ. ತೆಂಗಿನೆಣ್ಣೆ.

ಅದು ಯಾರ ಎಣ್ಣೆ ಅಂತ ಕೇಳುವ ಅಗತ್ಯವೇ ಇರಲಿಲ್ಲ. ಪ್ರತಿವರ್ಷ ಚಳಿ ಹುಟ್ಟುವ ದಿನ ಅತ್ತೆ ಬೆಳ್ಳಿ ಬಟ್ಟಲು ಹಿಡಿದು ಮನೆಮನೆಗೆ ಹೋಗುತ್ತಾರೆ, ಬಾಯಲ್ಲಿ ಕಚ್ಚುವ ರಬ್ಬರಿನೊಳಕ್ಕೆ ಬೆರಳಿನಿಂದ ಎಣ್ಣೆ ಬಿಟ್ಟು, "ಉಸಿರು ನಯವಾಗಿರಲಿ" ಅಂತ ಹರಸುತ್ತಾರೆ. ಸಾಕ್ಷಿಯ ಹರಕೆ ಅದು. ಮನೆಯವರು ಅದನ್ನು ಒರೆಸುವುದಿಲ್ಲ. ನನ್ನ ಅಂಗಡಿಯ ಕಾವಿಗೆ ಕರಗಿದ ಎಣ್ಣೆಯನ್ನು ನಾನು ಹಾಕಿದ ಗ್ರೀಸೆಂದೇ ತಿಳಿದು ಹಾಗೇ ಬಿಡುತ್ತಿದ್ದೆ, ನಾನು ತೊಳೆಯುತ್ತಿದ್ದ ಬರೀ ನೀರಿಗೆ ಅದು ಹೋಗುತ್ತಲೂ ಇರಲಿಲ್ಲ. ತಳದ ಚಳಿಗೆ ಅದು ಗಟ್ಟಿಯಾಗಿ ಗಾಳಿಯ ದಾರಿಯನ್ನು ಕಟ್ಟುತ್ತಿತ್ತು.

ಮನೆಗೆ ಬಂದಾಗ ಅತ್ತೆ ಹಿತ್ತಲ ಬಿಸಿಲಿನಲ್ಲಿ ಕೂತಿದ್ದರು. ತಲೆಗೆ ಹಚ್ಚುವ ಎಣ್ಣೆಯ ಬಾಟಲಿ ಪಕ್ಕದಲ್ಲೇ ಕರಗಲೆಂದು ಬಿಸಿಲಿಗೆ ಇಟ್ಟಿತ್ತು. ದಾರಿಯುದ್ದಕ್ಕೂ ನಾನು ಹೇಗೆ ಹೇಳಲಿ, ಎಲ್ಲಿಂದ ಶುರುಮಾಡಲಿ ಅಂತ ಜೋಡಿಸಿಕೊಂಡು ಬಂದಿದ್ದೆ, ಆ ಬಾಟಲಿ ನೋಡಿದ ಮೇಲೆ ಎಲ್ಲ ಬಿಟ್ಟು ಪಕ್ಕದಲ್ಲಿ ಕುಕ್ಕರಿಸಿದೆ. ಬಿಚ್ಚಿದ ರೆಗ್ಯುಲೇಟರನ್ನು ಅವರ ತೊಡೆಯ ಮೇಲಿಟ್ಟೆ.

ಅತ್ತೆ ಬಿಳಿ ಗಡ್ಡೆಯನ್ನು ನೋಡಿದರು. ಬಾಟಲಿಯನ್ನು ನೋಡಿದರು. ಬೆರಳಿನಿಂದ ಒಂದಿಷ್ಟು ತೆಗೆದು ಹೆಬ್ಬೆರಳಿಗೆ ಉಜ್ಜಿದರು. ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

"ಮರಿಗೌಡಂದೂ ಇದೇನಾ?" ಅಂದರು.

"ಹೂಂ ಅತ್ತೆ."

"ನಾನು ಹರಸಿದ್ದೇ ಅವನ ಗಂಟಲು ಕಟ್ತಾ?" ಅಂದರು. ನಾನು ಕೈ ಹಿಡಿದುಕೊಂಡೆ. ಸಾಕ್ಷಿಯ ಕೈಯನ್ನು ಹಾಗೆ ಸುಮ್ಮನೆ ಯಾರೂ ಹಿಡಿಯುವುದಿಲ್ಲ, ನಾನೂ ಅಲ್ಲಿಯವರೆಗೆ ಹಿಡಿದಿರಲಿಲ್ಲ. ಅವರು ಬೇರೆ ದನಿಯಲ್ಲಿ ಶುರುಮಾಡಿದರು. "ನಾನು ನನ್ನದಕ್ಕೂ ಬಿಡ್ತೀನಿ ಕಣೆ. ಎಲ್ಲರಿಗಿಂತ ಜಾಸ್ತೀನೇ ಬಿಡ್ತೀನಿ."

"ಗೊತ್ತು ಅತ್ತೆ."

"ಹೋದ ಚಳಿ, ಅದರ ಹಿಂದಿನ ಚಳಿ, ಕಲ್ಲಿನ ಹತ್ರ ಕೂತರೆ ಎದೆ ಮೇಲೆ ಯಾರೋ ಕೂತಂಗಾಗೋದು. ನನ್ನ ಕಾಲ ಮುಗೀತು ಅಂದ್ಕೊಂಡೆ. ಯಾರಿಗೂ ಹೇಳ್ಲಿಲ್ಲ. ನಿನ್ನ ಆ ಡಬ್ಬಿ ಎಲ್ಲಿ ಕೆಂಪು ತೋರಿಸಿ ನಂದು ಮುಗೀತು ಅಂತ ಊರಿಗೆಲ್ಲ ಸಾರುತ್ತೋ ಅಂತ..." ಅಲ್ಲಿಗೆ ನಿಲ್ಲಿಸಿ ಕಣ್ಣು ಕಿರಿದು ಮಾಡಿದರು. "ಹಂಗಾದ್ರೆ ನನಗೆ ಆಗಿದ್ದು ವಯಸ್ಸಲ್ಲ?"

"ಎಣ್ಣೆ ಅತ್ತೆ."

"ಬರೀ ಎಣ್ಣೆ?"

"ಬರೀ ಎಣ್ಣೆ."

ಅತ್ತೆ ನಗುವುದಕ್ಕೆ ಶುರುಮಾಡಿದರು. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಕಣ್ಣಲ್ಲಿ ನೀರು ಬಂತು, ಅದು ನಗುವಿನದೋ ಮರಿಗೌಡರದೋ ನನಗೆ ಗೊತ್ತಾಗಲಿಲ್ಲ. ಸಾವಂತ್ರಮ್ಮ ಗೋಡೆಯ ಮೇಲಿಂದ ಇಣುಕಿ, ಅತ್ತೆಸೊಸೆ ಹೀಗೆ ಒಬ್ಬರ ಮೇಲೊಬ್ಬರು ಬಿದ್ದು ನಗುವುದನ್ನು ನೋಡಿ ಏನೋ ಕೇಡಾಯಿತೆಂದು ಓಡಿ ಬಂದಳು.

ಅತ್ತೆ ಅಂದೇ ಮರಿಗೌಡರ ಮನೆಗೆ ಒಬ್ಬರೇ ಹೋದರು. ಅಲ್ಲಿ ಏನು ಮಾತಾಯಿತೋ ಹೇಳಲಿಲ್ಲ, ಗೌಡರು ಮಾತ್ರ ಬಾಗಿಲವರೆಗೆ ಬಂದು ಅವರ ಕಾಲು ಮುಟ್ಟಿದ್ದನ್ನು ಬೀದಿಯವರು ನೋಡಿದರು. ಅದಾದ ಮೇಲೆ ಊರೇ ಕೆರೆಯ ಮೆಟ್ಟಿಲಿಗೆ ಇಳಿಯಿತು. ಪ್ರತಿ ಮನೆಯ ರೆಗ್ಯುಲೇಟರು ಬಿಚ್ಚಿ, ಬಿಸಿನೀರಲ್ಲಿ ಸೋಪು ಹಾಕಿ ತೊಳೆದು, ಎಣ್ಣೆಯ ಹನಿಯೂ ಉಳಿಯದಂತೆ ಒರೆಸಿ, ಹೊಸ ಉಂಗುರ ಹಾಕಿ, ನನ್ನ ಗ್ರೀಸು ಸವರಿ ಜೋಡಿಸಿದೆವು. ನಾನು ಅತ್ತೆಯ ಸಿಲಿಂಡರಿಗೆ ಚೀಟಿ ಅಂಟಿಸುವಾಗ ಅವರೇ ಒಂದು ಕಡೆ ಒತ್ತಿ ಹಿಡಿದರು. ಹಸಿರು ಮೂಡಿತು. ಕನ್ನಡಕ ಏರಿಸಿ ಅದನ್ನು ಚೆನ್ನಾಗಿ ನೋಡಿ, "ಇದ್ಯಾವ ಮಹಾ ವಿದ್ಯೆ, ತಾ ಇಲ್ಲಿ" ಅಂತ ಮೊಬೈಲು ಕಿತ್ತುಕೊಂಡರು. ಅಲ್ಲಿಂದಾಚೆಗೆ ಅದು ನನ್ನ ಕೈಗೆ ಸರಿಯಾಗಿ ವಾಪಸ್ಸು ಬಂದದ್ದೇ ಇಲ್ಲ. ಮೆಟ್ಟಿಲ ಮೇಲೆ ಕೂತು ಇಳಿಯುವವರ ಮೈಮೇಲೆಲ್ಲ ಮೊಬೈಲು ಆಡಿಸುವುದು, ಹಳದಿ ಬಂದರೆ ಮೀಸೆಯವನಿರಲಿ ಯಾರೇ ಇರಲಿ, "ಹೋಗ್ ಹಿಂದಕ್ಕೆ" ಅಂತ ಗದರುವುದು. ಚಳಿಯ ಹರಕೆಯನ್ನೂ ಬಿಡಲಿಲ್ಲ. ಎಣ್ಣೆಯ ಬೆರಳಿನ ಬದಲು ಈಗ ಮೊಬೈಲು ಹಿಡಿದು ಹಸಿರು ನೋಡಿ, "ಉಸಿರು ನಯವಾಗಿರಲಿ" ಅನ್ನುತ್ತಾರೆ.

ಎಲ್ಲರ ಸಾಮಾನೂ ಹಸಿರಾದ ಮಾರನೆಯ ಬೆಳಿಗ್ಗೆ, ನಿಂತುಹೋಗಿದ್ದ ಒಪ್ಪಿಗೆಗಳಿಗೆಲ್ಲ ಜನ ಸಾಲುಗಟ್ಟಿದ್ದರು. ಹಸುವಿನವರು, ಚಪ್ಪರದವರು, ಗೋಡೆ ಜಗಳದವರು. ಅತ್ತೆ ಸಿಲಿಂಡರಿನ ಪಟ್ಟಿ ಬಿಗಿದುಕೊಂಡು ತೆಪ್ಪ ಹತ್ತುವವರು ಹಿಂದಿರುಗಿ, ಹುಟ್ಟು ಹಿಡಿದು ನಿಂತಿದ್ದವನನ್ನು ಕೂಗಿದರು.

"ಏ ದ್ಯಾವಪ್ಪ, ದಿನಾ ಸಂಜೆ ನಮ್ಮನೆ ಮುಂದೆ ಏನು ಕೇಳ್ತೀಯೋ ಅದನ್ನ ಈಗ ಕೇಳು. ಬೆಳಕಿದೆ."

ಮೆಟ್ಟಿಲ ಮೇಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನನಗೆ ನೀರಿಗೆ ಹಾರಿಬಿಡೋಣ ಅನ್ನಿಸಿತು. "ಅತ್ತೆ, ನಿಮಗೆ ಹೆಂಗೆ..." ಅಂದೆ.

"ಸಾವಂತ್ರಿಗೆ ಗೋಡೆಯಾಚೆ ಕೇಳಿಸುತ್ತೆ, ಒಳಗಿರೋ ನನಗೆ ಕೇಳಿಸಲ್ವಾ? ನಾನೇ ಹೇಳಿದ್ರೆ ನೀನು ನಾಚ್ಕೊಂಡು ಸತ್ತೋಗ್ತೀಯ ಅಂತ ಸುಮ್ನಿದ್ದೆ. ಕಲ್ಲಿನ ಹತ್ರ ಹೋಗೋಕೆ ನನಗೂ ಭಯ ಇತ್ತು. ಈಗಿಲ್ಲ. ಕೇಳೋ."

ದ್ಯಾವಪ್ಪ ಊರವರ ಮುಂದೆ, ಕೆಮ್ಮಿ, ಗಂಟಲು ಸರಿಮಾಡಿಕೊಂಡು ಕೇಳಿದ. "ಸುಗುಣಮ್ಮ, ನನ್ನ ಮದುವೆ ಆಗ್ತೀರಾ?"

ನಾನು ಮೊದಲ ಸಲ ಕೇಳಿದವಳ ಹಾಗೆ ಕೇಳಿಸಿಕೊಂಡೆ. ನನ್ನ ಪಾಲಿಗೆ ಅದು ಮೊದಲ ಸಲವೇ. "ಹೂಂ" ಅಂದೆ. ತಲೆ ಬಗ್ಗಿಸಲಿಲ್ಲ.

ಮೊದಲು ನಮ್ಮದೇ ಆಗಲಿ ಅಂತ ಊರವರೇ ದಾರಿ ಬಿಟ್ಟರು. ಊರಿನ ಒಂದಷ್ಟು ಜನರ ಜೊತೆ ಹಗ್ಗ ಹಿಡಿದು ಇಳಿದೆವು. ಬಿಸಿಲು ಮೇಲೆಯೇ ಉಳಿಯಿತು, ನೀರು ಹಸಿರಾಯಿತು, ಕಪ್ಪಾಯಿತು, ಕೊರೆಯಿತು. ನನ್ನ ಕಣ್ಣೆಲ್ಲ ಅತ್ತೆಯ ಗುಳ್ಳೆಗಳ ಮೇಲೇ ಇತ್ತು. ಮರಿಗೌಡರು ಸಿಕ್ಕಿಕೊಂಡ ಜಾಗ ಬಂತು, ದಾಟಿತು. ಗುಳ್ಳೆಗಳು ಒಂದರ ಹಿಂದೊಂದು ನಿಧಾನವಾಗಿ, ಸಮನಾಗಿ ಏರುತ್ತಿದ್ದವು. ಅತ್ತೆ ಒಮ್ಮೆ ಹಿಂದಿರುಗಿ ನೋಡಿ, ಎದೆ ತಟ್ಟಿಕೊಂಡು, ಬೆರಳು ಮಡಿಚಿ 'ಸಲೀಸು' ಅಂದರು. ಮುಖದ ಗಾಜಿನೊಳಗೆ ನಾನು ಅತ್ತಿದ್ದು ಯಾರಿಗೂ ಕಾಣಿಸಲಿಲ್ಲ.

ಕಲ್ಲಿನ ಒಂದು ಕಡೆ ದ್ಯಾವಪ್ಪ ನಿಂತ, ಅವನ ಹಿಂದೆ ಅವನ ಅಣ್ಣ. ಮದುವೆಯ ಒಪ್ಪಿಗೆಗೆ ಹೀಗೆ ಮನೆಯವರೊಬ್ಬರು ಹೆಗಲ ಮೇಲೆ ಕೈಯಿಟ್ಟು ನಿಲ್ಲುವುದು ನಮ್ಮ ರೂಢಿ. ನನ್ನ ಹಿಂದೆ ಯಾರೂ ಇರಲಿಲ್ಲ. ತವರಿನವರು ತೀರಿಕೊಂಡು ಎಷ್ಟೋ ಕಾಲವಾಗಿತ್ತು, ನಾನು ಅದನ್ನು ಯೋಚಿಸಿಯೂ ಇರಲಿಲ್ಲ. ನಮ್ಮಿಬ್ಬರ ಕೈ ಸೇರಿದವು. ಕಲ್ಲಿನ ಹಿಂದೆ ಕೂರಬೇಕಾದ ಅತ್ತೆ ಕೂರಲಿಲ್ಲ. ಕಲ್ಲು ಬಳಸಿ ಬಂದು ನನ್ನ ಬೆನ್ನ ಹಿಂದೆ ನಿಂತರು. ಎಡಗೈ ನನ್ನ ಹೆಗಲ ಮೇಲೆ ಬಿತ್ತು, ಗಟ್ಟಿಯಾಗಿ, ತಾಯಂದಿರು ಇಡುವ ಹಾಗೆ. ಆಮೇಲೆ ನನ್ನ ಭುಜದ ಮೇಲಿಂದ ಬಲಗೈ ಚಾಚಿ ನಮ್ಮ ಕೈಗಳ ಮೇಲೆ ಅಂಗೈ ಇಟ್ಟರು. ಸಾಕ್ಷಿಯೂ ತಾಯಿಯೂ ಒಬ್ಬರೇ ಆದದ್ದನ್ನು ಆ ಕಲ್ಲು ಅದುವರೆಗೆ ನೋಡಿರಲಾರದು. ಸುತ್ತ ನಿಂತವರು ಸಂತೋಷಕ್ಕೆ ಒಟ್ಟಿಗೇ ಉಸಿರು ಬಿಟ್ಟರು. ಇಡೀ ತಳದಿಂದ ಬೆಳ್ಳನೆ ಗುಳ್ಳೆಯ ರಾಶಿ ಮೇಲೆದ್ದು ಹೋಯಿತು, ದಡದ ಮೇಲಿದ್ದವರು ಅದನ್ನು ನೋಡಿಯೇ ಕೂಗು ಹಾಕಿದರಂತೆ.

ಆ ದಿನ ಮಲಗುವ ಮೊದಲು ನನಗೆ ಹೆದರಿಕೆಯಾಯಿತು. ಕಲ್ಲಿನ ಮೇಲಿನ ಮಾತು ಅಳಿಸುವುದಿಲ್ಲ ಅಂತ ಗೊತ್ತಿದ್ದರೂ ಆಯಿತು. ಬೆಳಿಗ್ಗೆ ಎಚ್ಚರವಾದಾಗ ಕಣ್ಣು ಬಿಡದೆ ಸ್ವಲ್ಪ ಹೊತ್ತು ಹಾಗೇ ಇದ್ದು ಹುಡುಕಿಕೊಂಡೆ. ಇತ್ತು. ಎಲ್ಲ ಇತ್ತು. ಅವನ ಕೆಮ್ಮೂ ಇತ್ತು, ಹೆಗಲ ಮೇಲಿನ ಕೈಯ ಭಾರವೂ ಇತ್ತು.

ಹೊರಗೆ ಬಂದರೆ ದ್ಯಾವಪ್ಪ ಸಿಲಿಂಡರು ಹೊತ್ತುಕೊಂಡು ಬಾಗಿಲಲ್ಲಿ ನಿಂತಿದ್ದ, ಎಲ್ಲ ನೆನಪಿರುವವನ ಮುಖ ಮಾಡಿಕೊಂಡು. ಅತ್ತೆ ಆಗಲೇ ಅವನ ಸಾಮಾನಿನ ಚೀಟಿಗೆ ಮೊಬೈಲು ಹಿಡಿದು, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಏನೋ ಒತ್ತುತ್ತಿದ್ದರು.

"ಇದ್ರಲ್ಲಿ ಇನ್ನೂ ತೆಪ್ಪದ ಮನೆ ಅಂತಿದೆ," ಅಂದರು ನನ್ನ ಕಡೆ ನೋಡದೆ. "ಯಾರ ಮನೇದು ಅಂತ ಹಾಕ್ಲೇ?"

"ನಮ್ಮನೇದು ಅಂತ ಹಾಕು, ಅಮ್ಮ," ಅಂದೆ.

ಅತ್ತೆಯ ಬೆರಳು ಒಂದು ಗಳಿಗೆ ಹಾಗೇ ನಿಂತಿತು. ಆಮೇಲೆ ಒತ್ತಿದರು.